ಎರಡು ಬಾಡಿಗೆ, ಎರಡು ಗೆರೆ

ಕೇಳುಗರಿಗೆ ನಮಸ್ಕಾರ.

ಹಾಸನದ ಕುಟುಂಬವೊಂದು ಒಂದೇ ದಿನದಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರಲು ಕಾರು ಗೊತ್ತುಮಾಡುತ್ತಿದೆ ಎಂದಿಟ್ಟುಕೊಳ್ಳೋಣ. ಮೊದಲನೆಯ ಮಾಲೀಕರು ದಿನದ ಬಾಡಿಗೆ 1500 ರೂಪಾಯಿ, ಅದರ ಮೇಲೆ ಕಿಲೋಮೀಟರಿಗೆ 10 ರೂಪಾಯಿ ಎನ್ನುತ್ತಾರೆ. ಎರಡನೆಯವರು ದಿನದ ಬಾಡಿಗೆಯೇ ಬೇಡ, ಕಿಲೋಮೀಟರಿಗೆ 16 ರೂಪಾಯಿ ಕೊಡಿ ಎನ್ನುತ್ತಾರೆ. ಲೆಕ್ಕ ಸುಲಭವಾಗಲೆಂದು ನಾನೇ ಆರಿಸಿಕೊಂಡ ದರಗಳಿವು.

ಒಂದು ಹಾಳೆ ತೆಗೆದುಕೊಂಡು ಅಡ್ಡಕ್ಕೆ ದೂರವನ್ನೂ ನೆಟ್ಟಗೆ ಹಣವನ್ನೂ ಗುರುತಿಸಿದರೆ, ಎರಡೂ ದರಗಳು ಎರಡು ಸರಳರೇಖೆಗಳಾಗುತ್ತವೆ. ಮೊದಲನೆಯದು 1500ರ ಎತ್ತರದಿಂದ ಹೊರಟು ನಿಧಾನವಾಗಿ ಏರುತ್ತದೆ. ಎರಡನೆಯದು ಸೊನ್ನೆಯಿಂದಲೇ ಹೊರಟರೂ ಕಡಿದಾಗಿ ಏರುತ್ತದೆ. ಹತ್ತನೆಯ ತರಗತಿಯಲ್ಲಿ ಮಕ್ಕಳು ಬಿಡಿಸುವ ರೇಖಾತ್ಮಕ ಸಮೀಕರಣಗಳ ಜೋಡಿ ಇದೇ, ಆದರೆ ಪರೀಕ್ಷೆ ಮುಗಿದ ಮೇಲೆ ಅದನ್ನು ಬಾಡಿಗೆಯ ಮಾತುಕತೆಗೆ ತರುವವರು ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಎರಡನೆಯ ರೇಖೆ 1500 ರೂಪಾಯಿ ಕೆಳಗಿದ್ದು, ಪ್ರತಿ ಕಿಲೋಮೀಟರಿಗೂ ಆ ಅಂತರದಲ್ಲಿ 6 ರೂಪಾಯಿ ತುಂಬಿಕೊಳ್ಳುತ್ತದೆ. 1500ನ್ನು 6ರಿಂದ ಭಾಗಿಸಿದರೆ 250. ಅಲ್ಲಿ ಎರಡೂ ಬಾಡಿಗೆ 4000 ರೂಪಾಯಿಗೆ ಸರಿಸಮವಾಗುತ್ತವೆ.

ಶಿರಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಹೋಗಿ ಬಂದರೆ ಸುಮಾರು 240 ಕಿಲೋಮೀಟರು. ಆಗ ಮೊದಲನೆಯವರಿಗೆ 3900, ಎರಡನೆಯವರಿಗೆ 3840 ರೂಪಾಯಿ. 60 ರೂಪಾಯಿಯ ಉಳಿತಾಯ. ಆದರೆ ಅಷ್ಟು ದೂರ ಹೋದ ಮೇಲೆ ಕುಕ್ಕೆ ಸುಬ್ರಹ್ಮಣ್ಯನ ದರ್ಶನವನ್ನೂ ಮಾಡಿಬಿಡೋಣ ಎಂದು ಮನೆಯ ಹಿರಿಯರು ಹೇಳದೆ ಇರುತ್ತಾರೆಯೇ? ದೂರ ಸುಮಾರು 280ಕ್ಕೆ ಏರಿತೆನ್ನಿ: ಈಗ ಮೊದಲನೆಯದು 4300, ಎರಡನೆಯದು 4480. ದರಗಳು ಬದಲಾಗಿಲ್ಲ, ಅಗ್ಗದ ಕಾರು ಯಾವುದೆಂಬುದು ಮಾತ್ರ ಬದಲಾಯಿತು.

ಡ್ರೈವರ್ ಬಾಟಾ, ಅಂದರೆ ಚಾಲಕರಿಗೆ ಕೊಡುವ ದಿನದ ಭತ್ಯೆ, ಎಷ್ಟೆಂದು ಮೊದಲೇ ಕೇಳಬೇಕು. ಇಬ್ಬರೂ ಒಂದೇ ಮೊತ್ತದ ಬಾಟಾ ಕೇಳಿದರೆ ಎರಡು ರೇಖೆಗಳೂ ಸಮನಾಗಿ ಮೇಲೇರಿ, ಅವು ಕೂಡುವ ದೂರ 250 ಆಗಿಯೇ ಉಳಿಯುತ್ತದೆ. ಮೊದಲನೆಯವರು ಮಾತ್ರ 400 ರೂಪಾಯಿ ಕೇಳಿದರೆ ಆ ಬಿಂದು ಸುಮಾರು 317ಕ್ಕೆ ಜರುಗುತ್ತದೆ. ಆಗ ಕುಕ್ಕೆಗೆ ಹೋದರೂ ಎರಡನೆಯವರ ಕಾರೇ ಅಗ್ಗ.

ಇನ್ನೊಂದು ಷರತ್ತನ್ನು ಬಾಯಿಬಿಟ್ಟು ಕೇಳದಿದ್ದರೆ ಮಾತಿನ ನಡುವೆ ತಪ್ಪಿಹೋಗುತ್ತದೆ: ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರಿನ ಹಣ ಕೊಡಲೇಬೇಕು ಎಂಬುದು. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೋಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18 ರೂಪಾಯಿ ಇರುವುದೂ ಇದೇ ಆಕಾರದ್ದು. ರೇಖೆ ಮೊದಲು ಮಟ್ಟಸವಾಗಿ ಸಾಗಿ ಆಮೇಲೆ ಏರುತ್ತದೆ. ನಮ್ಮ ಎರಡನೆಯ ಮಾಲೀಕರು ಕನಿಷ್ಠ 300 ಕಿಲೋಮೀಟರು ಎಂದರೆ, 240 ಓಡಿದರೂ 4800 ರೂಪಾಯಿ ಎಣಿಸಬೇಕು. ಬಾಟಾ ಇಬ್ಬರಿಗೂ ಒಂದೇ ಆಗಿದ್ದ ಪಕ್ಷದಲ್ಲಿ, ಎಷ್ಟು ದೂರ ಹೋದರೂ ಆ ಎರಡು ರೇಖೆಗಳು ಎಲ್ಲಿಯೂ ಕೂಡುವುದಿಲ್ಲ. ಮೊದಲನೆಯದೇ ಉದ್ದಕ್ಕೂ ಕೆಳಗಿರುತ್ತದೆ.