ಬೆಂಗಳೂರಿನ ನೀರಿನ ಬಿಲ್: ನಾವು ದುಡ್ಡು ಕೊಡುತ್ತಿರುವುದು ನೀರಿಗಾ, ಕರೆಂಟಿಗಾ?

[ದೃಶ್ಯ: ಅಡುಗೆಮನೆ ನಲ್ಲಿ, ಕೆಳಗೆ ಬಿಂದಿಗೆ ತುಂಬುತ್ತಿದೆ]

ಈ ಕಾವೇರಿ ನೀರು ನಿಮ್ಮ ಮನೆಗೆ ಬರುವ ಮುಂಚೆ ಒಂದು ಬೆಟ್ಟ ಹತ್ತಿದೆ. ತಮಾಷೆಯಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ಅಂತ ಹಂತ ಹಂತವಾಗಿ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರ ಮತ್ತು ಸುಮಾರು 500 ಮೀಟರ್ ಎತ್ತರ ದಾಟಿ ಬೆಂಗಳೂರು ಸೇರುತ್ತದೆ. ನದಿ ಕೆಳಗೆ, ಊರು ಮೇಲೆ. ಏನು ಮಾಡೋದು!

2014ರ ನವೆಂಬರ್ ಆದ ಮೇಲೆ ಜಲಮಂಡಳಿ ದರ ಮುಟ್ಟಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಏರಿಸಿತು. ಅಷ್ಟರಲ್ಲಿ ಮಂಡಳಿಯ ತಿಂಗಳ ಕರೆಂಟ್ ಖರ್ಚು 35 ಕೋಟಿಯಿಂದ 75 ಕೋಟಿಗೆ ಮುಟ್ಟಿತ್ತು, ತಿಂಗಳಿಗೆ 41 ಕೋಟಿ ಖೋತಾ ಅಂತ ಮಂಡಳಿಯೇ ಲೆಕ್ಕ ಕೊಟ್ಟಿತು.

[ಪರದೆ ಮೇಲೆ: ಮನೆಗಳಿಗೆ, ಮೊದಲ 8,000 ಲೀಟರ್‌ಗೆ 56 ರೂ. → 68 ರೂ.]

ಮೊದಲ ಸ್ಲ್ಯಾಬ್‌ನಲ್ಲಿ ಸಾವಿರ ಲೀಟರ್‌ಗೆ 7 ರೂಪಾಯಿ ಇದ್ದದ್ದು ಎಂಟೂವರೆ ಆಯಿತು. ಈಗ ನಾನೇ ಒಂದು ಲೆಕ್ಕ ಹಾಕಿದೆ, ನೋಡಿ. ಕಾವೇರಿ ನೀರು ಯೋಜನೆಯ ಐದನೇ ಹಂತವೂ ಸೇರಿ ದಿನಕ್ಕೆ 222 ಕೋಟಿ ಲೀಟರ್ ಪೂರ್ತಿ ಬಂತು ಅಂತಲೇ ಇಟ್ಟುಕೊಳ್ಳಿ, ತಿಂಗಳ 75 ಕೋಟಿಯನ್ನು ಒಂದು ತಿಂಗಳ ನೀರಿನ ಮೇಲೆ ಹಂಚಿದರೆ ಸಾವಿರ ಲೀಟರ್‌ಗೆ ಬರೀ ಕರೆಂಟೇ 11 ರೂಪಾಯಿ ಬೀಳುತ್ತದೆ. ಎಂಟೂವರೆಗೆ ಮಾರುವ ಸರಕಿನ ಮೇಲೆ! ಉಳಿದದ್ದನ್ನು ಜಾಸ್ತಿ ಬಳಸುವವರು, ಹೋಟೆಲ್‌ಗಳು, ಫ್ಯಾಕ್ಟರಿಗಳು ತುಂಬಬೇಕು. 50 ಸಾವಿರ ಲೀಟರ್ ದಾಟಿದ ಮನೆಗೆ ಸಾವಿರಕ್ಕೆ 55 ರೂಪಾಯಿ ಇಟ್ಟದ್ದು ಅದಕ್ಕೇ.

"ಆದ್ರೂ ನಮ್ಮ ಜೇಬಿಗೇ ಕತ್ತರಿ ಅಲ್ವಾ?" ಅಂತೀರಿ. ಸರಿ. ಆದರೆ 2024ರ ಬೇಸಿಗೆಯ ನೀರಿನ ಬರ ನೆನಪಿದೆಯಾ? ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿದಾಗಲೂ, ಐದು ಕಿಲೋಮೀಟರ್ ಒಳಗೆ 8,000 ಲೀಟರ್‌ಗೆ 700 ರೂಪಾಯಿ ಇತ್ತು. ಅಷ್ಟೇ ನೀರು ನಲ್ಲಿಯಲ್ಲಿ ಬಂದರೆ, 2025ರ ಏರಿಕೆ ಆದ ಮೇಲೂ 68. ನಲ್ಲಿ ಕನೆಕ್ಷನ್ ಇಲ್ಲದ ಬಡಾವಣೆಯವರು ಈ ಏರಿಕೆ ಸುದ್ದಿ ಕೇಳಿ ನಕ್ಕಿರಬೇಕು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಇಷ್ಟು ಕಷ್ಟಪಟ್ಟು ಮೇಲೆತ್ತಿದ ನೀರಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬಿಲ್ಲೇ ಆಗುವುದಿಲ್ಲ. ಹಳೇ ಪೈಪ್‌ನ ಸೋರಿಕೆ, ಕಳ್ಳ ಕನೆಕ್ಷನ್, ಕೆಟ್ಟ ಮೀಟರ್. ಸೋರಿದ ಹನಿಗೂ ಕರೆಂಟ್ ಸುಟ್ಟಿದ್ದೇವೆ, ಅದನ್ನು ಬಿಲ್ ಕಟ್ಟುವವರೇ ಹೊರುತ್ತಿದ್ದಾರೆ. ಹತ್ತು ವರ್ಷ ಸುಮ್ನೆ ಕೂತು ಒಂದೇ ಸಲ ಏರಿಸುವುದಕ್ಕಿಂತ ವರ್ಷಾ ವರ್ಷ ಸ್ವಲ್ಪ ಸ್ವಲ್ಪ ಏರಿಸುವುದು ವಾಸಿ, ಒಪ್ಪುತ್ತೇನೆ. ಪ್ರತಿ ಏಪ್ರಿಲ್‌ಗೆ ಶೇ. 3 ಏರಿಕೆ ಅಂತ ಮಂಡಳಿ ಹೇಳಿಯೂ ಆಗಿದೆ. ಹಾಗಾದರೆ ಆ ವರ್ಷ ಸೋರಿಕೆ ಎಷ್ಟು ಇಳಿಯಿತು ಅಂತ ಅದೇ ಬಿಲ್ಲಿನ ಹಿಂದೆ ಒಂದು ಸಾಲು ಅಚ್ಚು ಹಾಕಲಿ, ಜಾಗ ಖಾಲಿಯೇ ಇದೆಯಲ್ಲ.