ಅರ್ಧ ಹೊತ್ತು ಕೇಳುವವರದು

ನಮಸ್ಕಾರ. ವ್ಯಾಪಾರಿಗಳಿಗಾಗಿ ನಡೆಸುವ ಆನ್‌ಲೈನ್ ಗೋಷ್ಠಿಯಲ್ಲಿ ಅರ್ಧ ಹೊತ್ತನ್ನು ಪ್ರಶ್ನೆಗಳಿಗೇ ಬಿಡಬೇಕೆಂದು ಕಳೆದ ಸಂಚಿಕೆಯಲ್ಲಿ ನಾನು ಹೇಳಿದ್ದಕ್ಕೆ, ಕೇಳುಗರೊಬ್ಬರು "ಹಾಗಾದರೆ ವಿಷಯ ಮುಗಿಯುವುದು ಯಾವಾಗ?" ಎಂದು ಬರೆದಿದ್ದಾರೆ. ಈ ಮಾತು ನನ್ನನ್ನು ಕೆರಳಿಸಿದೆ, ಏಕೆಂದರೆ ವಿಷಯವನ್ನು ಪೂರ್ತಿ ಮುಗಿಸಿ ಜನರನ್ನು ಬರಿಗೈಯಲ್ಲಿ ಕಳುಹಿಸಿದ ಗೋಷ್ಠಿಯೊಂದನ್ನು ನಾನು ಕೊನೆಯವರೆಗೂ ಕುಳಿತು ನೋಡಿದ್ದೇನೆ.

2025ರ ಜುಲೈನಲ್ಲಿ, ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ನಮ್ಮ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು ನಿಮಗೆ ನೆನಪಿರಬಹುದು. ಬೇಕರಿಯವರು, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ತೆಗೆದು 'ನಗದು ಮಾತ್ರ' ಎಂದು ಚೀಟಿ ಅಂಟಿಸಿದ ದಿನಗಳವು. ಆಗ ಲೆಕ್ಕಪತ್ರದ ಸಂಸ್ಥೆಯೊಂದು ಅಂಗಡಿಯವರಿಗಾಗಿ ಎರಡು ಗಂಟೆಯ ಗೋಷ್ಠಿ ಏರ್ಪಡಿಸಿತು. ಭಾಷಣಕಾರರು ಒಂದು ಗಂಟೆ ಐವತ್ತು ನಿಮಿಷ ಸ್ಲೈಡ್‌ಗಳನ್ನು ಓದಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆಗೆ 20 ಲಕ್ಷ ಎಂಬುದು ಮೂರು ಸಲ ಬಂತು. ಆದರೆ ಹಾಲು ಮಾರುವವರ ಸಂಕಟವೇ ಬೇರೆ. ತೆರಿಗೆಯಿಲ್ಲದ ಹಾಲು, ತರಕಾರಿಗಳನ್ನಷ್ಟೇ ಮಾರಿದರೆ ನೋಂದಣಿ ಬೇಡ. ಪಕ್ಕದಲ್ಲಿ ತೆರಿಗೆಯಿರುವ ಬಿಸ್ಕತ್ತಿನ ಡಬ್ಬಿ ಇಟ್ಟರೆ ಆ ಹಾಲಿನ ಮಾರಾಟವೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಒಂದೇ ಒಂದು ಪ್ರಶ್ನೆಗೆ ಅವಕಾಶವಿದ್ದರೆ ಇದು ಒಂದೇ ನಿಮಿಷದಲ್ಲಿ ಹೊರಬರುತ್ತಿತ್ತು! ಅಣ್ಣ ಕೊಟ್ಟ ಕೈಸಾಲವೂ ಅದೇ ಖಾತೆಗೆ ಬಿದ್ದಿದ್ದರೆ ಅದನ್ನು ಬೇರ್ಪಡಿಸಿ ತೋರಿಸುವುದು ಹೇಗೆಂದು ಯಾರೂ ಹೇಳಲಿಲ್ಲ, ಏಕೆಂದರೆ ಬಾಯಿ ಬಿಟ್ಟು ಕೇಳಲು ಯಾರಿಗೂ ಬಿಡಲಿಲ್ಲ.

ಪ್ರಶ್ನೆಗಳನ್ನು ಟೈಪ್ ಮಾಡಿ ಎಂದರು. ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ಗಲ್ಲಾದ ಮುಂದೆ ನಿಂತವರು ಟೈಪ್ ಮಾಡುವುದು ಯಾವ ಕೈಯಿಂದ? ಅವರಿಗೆ ಮಾತು ಬರುತ್ತದೆ, ಮೈಕ್ ಕೊಡಿ. ಜೂಮ್‌ನ ವೆಬಿನಾರ್ ವಿಧಾನದಲ್ಲಿ ಆತಿಥೇಯರು ಬಿಡದ ಹೊರತು ಕೇಳುಗರ ದನಿ ಹೊರಡುವುದಿಲ್ಲ. ಸಣ್ಣ ಗೋಷ್ಠಿಗೆ ಎಲ್ಲರೂ ಮಾತನಾಡಬಹುದಾದ ಜೂಮ್‌ನ ಉಚಿತ ಮೀಟಿಂಗ್ ಸಾಕು, 100 ಜನ, 40 ನಿಮಿಷ. ಇಪ್ಪತ್ತು ನಿಮಿಷ ನೀವು ಮಾತನಾಡಿ, ಇಪ್ಪತ್ತು ನಿಮಿಷ ಅವರು ಪ್ರಶ್ನೆ ಕೇಳಲಿ.

ಯಾರೋ ಒಬ್ಬರೇ ಎಲ್ಲರ ಸಮಯ ತಿನ್ನುತ್ತಾರೆ ಎನ್ನುವವರಿದ್ದಾರೆ. ನೂರಹತ್ತು ನಿಮಿಷ ತಿಂದ ಭಾಷಣಕಾರರ ಬಗ್ಗೆ ಅವರು ತುಟಿ ಬಿಚ್ಚುವುದಿಲ್ಲ. ಗದ್ದಲವಾಗುತ್ತದೆ ಎನ್ನುತ್ತಾರೆ. ಆಗಲಿ! ಅಂಗಡಿ ಎಂದರೆ ಗದ್ದಲವೇ. ಅರ್ಧ ಹೊತ್ತು ಅವರದು, ಅವರದೇ. ಇದರಲ್ಲಿ ನಾನು ಒಂದು ನಿಮಿಷವನ್ನೂ ಬಿಟ್ಟುಕೊಡುವುದಿಲ್ಲ.

ಈ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ನಮ್ಮ ವಾಹಿನಿಯ ಗೋಷ್ಠಿಯಿದೆ. ಚಂದಾದಾರರಾದವರಿಗೆ ಕೊಂಡಿ ತಲುಪುತ್ತದೆ. ಸ್ಲೈಡ್ ಇರುವುದಿಲ್ಲ. ಆ ಕಾಮೆಂಟ್ ಬರೆದವರೂ ದಯವಿಟ್ಟು ಬನ್ನಿ, ಮೊದಲ ಪ್ರಶ್ನೆ ನಿಮ್ಮದೇ.