ಎಲ್ಲರೂ ‘ಮೂಡಿ’ ಅಲ್ಲ

ಕೇಳುಗರಿಗೆ ನಮಸ್ಕಾರ. ಒಗ್ಗರಣೆ ಹಾಕುತ್ತಿರುವವರು ಹಾಕಿ, ಅಂಗಡಿಯಲ್ಲಿ ಗಿರಾಕಿಗೆ ಕಾಯುತ್ತಿರುವವರು ಕಾಯಿರಿ. ಕಿವಿ ಮಾತ್ರ ಈ ಕಡೆ ಇರಲಿ.

ಇವತ್ತು ಒಂದು ಥರ, ನಾಳೆ ಇನ್ನೊಂದು ಥರ ಆಡುವವರನ್ನು ಏನಂತ ಕರೆಯುತ್ತೀರಿ? ‘ತುಂಬಾ ಮೂಡಿ’ ಅಂತೀರಿ, ಅಲ್ವಾ? ಮಗಳೂ ಮೂಡಿ, ಮ್ಯಾನೇಜರೂ ಮೂಡಿ, ಪಕ್ಷ ಬಿಟ್ಟು ಹಾರಿದ ಶಾಸಕರೂ ಮೂಡಿ! ಕನ್ನಡದಲ್ಲಿ ಮಾತಿಗೆ ಅಷ್ಟೊಂದು ಬರವೇ? ನಾನು ಹೇಳುವುದು ಇಷ್ಟೇ. ಯಾಕೆ ಬದಲಾದರು ಅಂತ ಮೊದಲು ನೋಡಿ, ಆಮೇಲೆ ಪದ ಆರಿಸಿ.

ಲಾಭ ನೋಡಿಕೊಂಡು ಬಣ್ಣ ಬದಲಿಸಿದರೆ ಗೋಸುಂಬೆ. ಸೀರೆ ಅಂಗಡಿಯಲ್ಲಿ ಹಸಿರು ಆರಿಸಿ, ಬಿಲ್ ಹಾಕುವ ಹೊತ್ತಿಗೆ ‘ಆ ನೀಲಿಯದನ್ನು ಇನ್ನೊಂದ್ಸಲ ತೋರಿಸಿ’ ಅಂದರೆ ಅದು ಬರೀ ಚಂಚಲ ಬುದ್ಧಿ. ಅದರಲ್ಲಿ ಲಾಭದ ಲೆಕ್ಕ ಎಲ್ಲಿದೆ? ಪಾಪ, ಅವರನ್ನು ಗೋಸುಂಬೆ ಅನ್ನಬೇಡಿ.

ನನಗೆ ಬಹಳ ಇಷ್ಟದ್ದು ‘ತುಘಲಕ್ ದರ್ಬಾರು’. ಮುಹಮ್ಮದ್ ಬಿನ್ ತುಘಲಕ್ 1325ರಲ್ಲಿ ದೆಹಲಿಯ ಸುಲ್ತಾನನಾದ. ಎರಡೇ ವರ್ಷಕ್ಕೆ ದೇವಗಿರಿಗೆ ದೌಲತಾಬಾದ್ ಅಂತ ಹೆಸರಿಟ್ಟು, ರಾಜಧಾನಿ ಇನ್ನು ಮೇಲೆ ಅಲ್ಲಿ, ಹೊರಡಿ ಅಂದ. ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ! ದಕ್ಷಿಣವನ್ನು ಹಿಡಿತದಲ್ಲಿಡಲು ಅದು ಒಳ್ಳೆಯ ಜಾಗವೇ. ಆದರೆ ಕೆಲವು ವರ್ಷ ಕಳೆಯುವಷ್ಟರಲ್ಲಿ, ವಾಪಸ್ ದೆಹಲಿಗೆ ನಡೀರಿ ಅಂದ.

ಈ ನಡುವೆ 1330ರ ಆಸುಪಾಸಿನಲ್ಲಿ ಇನ್ನೊಂದು ಫರ್ಮಾನು. ತಾಮ್ರ, ಹಿತ್ತಾಳೆಯ ನಾಣ್ಯಕ್ಕೂ ಬೆಳ್ಳಿ ಟಂಕದ್ದೇ ಬೆಲೆ. ಜನ ಬಿಡುತ್ತಾರೆಯೇ? ಮನೆಯಲ್ಲೇ ಖೋಟಾ ನಾಣ್ಯ ಹೊಡೆದರು, ಕಂದಾಯವನ್ನೂ ಅದರಲ್ಲೇ ಕಟ್ಟಿದರು. ವ್ಯಾಪಾರ ಕೆಟ್ಟಿತು. ಕೊನೆಗೆ ಸುಲ್ತಾನ, ಎಲ್ಲ ವಾಪಸ್ ತನ್ನಿ, ಬೆಳ್ಳಿ ಬಂಗಾರ ಕೊಡುತ್ತೇನೆ ಅಂದ. ಖಜಾನೆಗೆ ಪೆಟ್ಟು ಬಿತ್ತು. ತಾಮ್ರದ ನಾಣ್ಯ ತುಘಲಕಾಬಾದಿನಲ್ಲಿ ಗುಡ್ಡೆ ಬಿದ್ದಿತ್ತು ಅಂತ ಆ ಕಾಲದ ಇತಿಹಾಸಕಾರ ಬರನಿ ಬರೆದಿದ್ದಾನೆ.

ಗಮನಿಸಿ, ಸುಲ್ತಾನ ದಡ್ಡನಲ್ಲ, ಭಾರೀ ಓದಿಕೊಂಡವನು. ಅವನ ಒಂದೊಂದು ಆಲೋಚನೆಗೂ ಕಾರಣ ಇತ್ತು. ನಾಳೆ ಏನು ಹುಕುಂ ಬರುತ್ತದೋ ಅನ್ನುವುದು ಮಾತ್ರ ಕೆಳಗಿನವರಿಗೆ ತಿಳಿಯುತ್ತಿರಲಿಲ್ಲ. ಸೋಮವಾರ ಒಂದು ಸುತ್ತೋಲೆ, ಬುಧವಾರ ಅದು ರದ್ದು, ಶುಕ್ರವಾರ ಮತ್ತೆ ಅದೇ ಜಾರಿ ಅಂತ ನಡೆಸುವ ಸಾಹೇಬರಿಗೆ ಈ ಮಾತು ಸರಿ. ಅಧಿಕಾರ ಇಲ್ಲದವರಿಗೆ ದರ್ಬಾರು ಎಲ್ಲಿಂದ ಬರಬೇಕು? ಮೀಟರ್ ಮೇಲೆ ಹತ್ತು ರೂಪಾಯಿ ಕೇಳಿ, ಇಳಿಯುವಾಗ ಇಪ್ಪತ್ತು ಅನ್ನುವ ಆಟೋದವರನ್ನು ತುಘಲಕ್ ಅನ್ನಬೇಡಿ. ಯಾಕೆ ಬದಲಾದರು ಅಂತ ನೋಡಿ ಅಂದೆನಲ್ಲ!

ಅಯ್ಯೋ, ಹೊತ್ತಾಗಿಯೇ ಹೋಯಿತು. ಎಡಬಿಡಂಗಿ, ತಿಕ್ಕಲು, ಅಡ್ಡಗೋಡೆ ಮೇಲೆ ದೀಪ ಇಡುವವರು, ಎಲ್ಲಾ ಉಳಿದೇಬಿಟ್ಟವು. ಒಂದನ್ನಾದರೂ ಹೇಳಿಬಿಡುತ್ತೇನೆ. ಈಗ ನಗು, ಮರುಗಳಿಗೆ ಸಿಡುಕು, ಕಾರಣ ಅವರಿಗೂ ಗೊತ್ತಿಲ್ಲ ಅನ್ನುವವರಿದ್ದಾರಲ್ಲ, ಅವರಿಗೆ ‘ಕ್ಷಣಚಿತ್ತ ಕ್ಷಣಪಿತ್ತ’ ಅನ್ನಿ. ನೀವು ಮೂಡಿ ಅನ್ನುವ ಮಗಳಿಗೆ ಅದು ಹೊಂದುತ್ತದೆ. ಶಾಸಕರಿಗೆ ಯಾವುದು ಅಂತ ಆಗಲೇ ಹೇಳಿದ್ದೇನೆ. ನಮಸ್ಕಾರ.